ಕುಸಿದ ಚಪ್ಪಡಿಯನ್ನು ಎತ್ತಿ ಮಟ್ಟ ಮಾಡುವುದು ಹೇಗೆ?



ನಮ್ಮದು ಎರೆಭೂಮಿಯ ಊರು. ಮನೆಯ ಸುತ್ತ ಹಾಕಿದ ಸಿಮೆಂಟ್ ಚಪ್ಪಡಿಗಳು ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು ಆಗುವುದನ್ನು ನೀವೆಲ್ಲ ನೋಡಿದ್ದೀರಿ. "ಚಪ್ಪಡಿ ಕುಂತೈತಿ" ಅಂತ ಅಂದು ಸುಮ್ಮನಾಗುತ್ತೇವೆ. ಆದರೆ ಚಪ್ಪಡಿ ತಾನಾಗಿ ಕೂಡುವುದಿಲ್ಲ. ಅದರ ಕೆಳಗಿನ ಮಣ್ಣು ಜಾಗ ಬಿಟ್ಟಿರುತ್ತದೆ. ಅದಕ್ಕೆ ಕಾರಣ ಹೆಚ್ಚಾಗಿ ನೀರು. ಆದ್ದರಿಂದ ಮೊದಲು ನೀರಿನ ದಾರಿ ಸರಿಮಾಡಬೇಕು, ಆಮೇಲೆ ಚಪ್ಪಡಿ ಎತ್ತಬೇಕು. ಈ ಲೇಖನದ ಮುಖ್ಯ ಮಾತು ಇದೇ.

ಕುಸಿಯಲು ಕಾರಣಗಳು

1. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ನಮ್ಮ ಕೈ ಹೋಗುತ್ತದಲ್ಲ, ಅದೇ ಮಣ್ಣು ಚಪ್ಪಡಿಯ ಕೆಳಗೂ ಇದೆ.

2. ಪಾಯ ತೋಡಿದ ಮೇಲೆ ಗೋಡೆಯ ಪಕ್ಕದ ಕುಣಿಗೆ ಮಣ್ಣನ್ನು ಸುಮ್ಮನೆ ಸುರಿದು ಮುಚ್ಚುತ್ತಾರೆ. ದಮ್ಮಸು ಮಾಡದ ಮಣ್ಣು ವರ್ಷ ವರ್ಷ ಕೆಳಗಿಳಿಯುತ್ತದೆ.

3. ಮಾಳಿಗೆಯ ನೀರು ಒಂದೇ ಕಡೆ ಬಿದ್ದರೆ, ಸಂದಿಯಿಂದ ಇಳಿದು ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. ಒಳಗೆ ಪೊಳ್ಳಾಗುತ್ತದೆ. ಕೋಲಿನಿಂದ ಕುಟ್ಟಿದರೆ "ಡಬ್ ಡಬ್" ಎಂಬ ಸಪ್ಪಳ ಬರುತ್ತದೆ.

ಹಾಗೇ ಬಿಟ್ಟರೆ ಏನಾಗುತ್ತದೆ?

ಹೋದ ಶ್ರಾವಣದಲ್ಲಿ ನಮ್ಮ ಅಜ್ಜಿ ನಸುಕಿನಲ್ಲಿ ನೀರು ತರಲು ಹೋದಾಗ ಇಂಥ ಒಂದು ಅಂಚಿಗೆ ಎಡವಿ ಬಿದ್ದು ಮುಂಗೈ ಮುರಿಯಿತು. ಈಗಲೂ ಆ ಕೈಯಲ್ಲಿ ರೊಟ್ಟಿ ಬಡಿಯಲು ಬರುವುದಿಲ್ಲ. ಎರಡನೆಯದಾಗಿ, ಚಪ್ಪಡಿ ಗೋಡೆಯ ಕಡೆ ವಾಲಿದರೆ ಮಳೆಯ ನೀರೆಲ್ಲ ಪಾಯಕ್ಕೆ ಇಳಿಯುತ್ತದೆ. ಪಾಯದ ಮಣ್ಣು ಉಬ್ಬಿ ಕುಗ್ಗಿ ಗೋಡೆಯೇ ಸೀಳುತ್ತದೆ. ಚಪ್ಪಡಿ ರಿಪೇರಿಗೆ ಒಂದು ದಿನ ಸಾಕು, ಗೋಡೆ ರಿಪೇರಿಗೆ ಸಾಲ ಮಾಡಬೇಕಾಗುತ್ತದೆ.

ನಮ್ಮ ಕಾಕಾ ಗೌಂಡಿ ಕೆಲಸ ಮಾಡುತ್ತಾರೆ. ದೀಪಾವಳಿ ಆದ ಮೇಲೆ ನಾಲ್ಕು ಚಪ್ಪಡಿ ಎತ್ತಿ ಕೂಡಿಸಿದರು. ನಾನು ಜೊತೆಗಿದ್ದು ಕಲಿತದ್ದನ್ನು ಬರೆಯುತ್ತಿದ್ದೇನೆ. "ಈಗ ಮಣ್ಣು ಪೂರಾ ಹಸೀನೂ ಇಲ್ಲ, ಪೂರಾ ಒಣಗಿನೂ ಇಲ್ಲ. ಈ ಕೆಲಸಕ್ಕ ಇದೇ ಹದ" ಅಂದರು ಕಾಕಾ.

ಬೇಕಾಗುವ ಸಾಮಾನು

ಹಾರೆ 2, ಕಟ್ಟಿಗೆಯ ತುಂಡುಗಳು, ಹಲಗೆ, ಕಬ್ಬಿಣದ ಪೈಪಿನ ತುಂಡು 3, ದಮ್ಮಸು, ದಾರ, ನೀರು ತುಂಬುವ ಪಾರದರ್ಶಕ ಪೈಪು, ಗರಸು, ಉಸುಕು, ಸಿಮೆಂಟು.

ಮಾಡುವ ಕ್ರಮ

1. ಮಾಳಿಗೆಯ ನೀರಿಗೆ ಪೈಪು ಜೋಡಿಸಿ, ದೂರ ಗಟಾರಕ್ಕೆ ಹೋಗುವಂತೆ ಮಾಡಬೇಕು.

2. ಸಂದಿಯ ಹಳೆಯ ಸಿಮೆಂಟನ್ನು ಚಾಣದಿಂದ ಕೆತ್ತಿ ತೆಗೆಯಬೇಕು. ಇಲ್ಲದಿದ್ದರೆ ಪಕ್ಕದ ಚಪ್ಪಡಿಯ ಮೂಲೆ ಒಡೆಯುತ್ತದೆ.

3. ಹಾರೆಯ ತುದಿಯನ್ನು ಹೊರಗಿನ ಅಂಚಿನ ಕೆಳಗೆ ತೂರಿಸಿ, ಹಾರೆಯ ಕೆಳಗೆ ಕಟ್ಟಿಗೆಯ ತುಂಡು ಇಟ್ಟು ಒತ್ತಬೇಕು. ಸ್ವಲ್ಪ ಎದ್ದ ಕೂಡಲೇ ಚಪ್ಪಡಿಗೆ ಆಧಾರ ಕೊಡಬೇಕು. ಆಧಾರವನ್ನು ಕೋಲಿನಿಂದ ತಳ್ಳಬೇಕು. ಕೈಯನ್ನಾಗಲಿ ಕಾಲನ್ನಾಗಲಿ ಚಪ್ಪಡಿಯ ಕೆಳಗೆ ಒಯ್ಯಲೇಬಾರದು!

4. ಕೆಳಗೆ ಪೈಪಿನ ತುಂಡುಗಳನ್ನು ತೂರಿಸಿ, ಹೊರಗೆ ಹಾಸಿದ ಹಲಗೆಯ ಮೇಲೆ ಚಪ್ಪಡಿಯನ್ನು ಉರುಳಿಸಿ ಸರಿಸಬೇಕು.

5. ಮೇಲಿನ ಸಡಿಲ ಎರೆಮಣ್ಣನ್ನು ಸುಮಾರು 6 ಇಂಚು ತೆಗೆದು ಗರಸು ತುಂಬಬೇಕು. ಒಮ್ಮೆಲೇ ತುಂಬಬಾರದು. 2 ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಮತ್ತೆ 2 ಇಂಚು ಹಾಕಬೇಕು.

6. ಮೇಲೆ ತೆಳ್ಳಗೆ ಉಸುಕು ಸಿಮೆಂಟಿನ ಪದರು. ಕಾಕಾ 1 ಬುಟ್ಟಿ ಸಿಮೆಂಟಿಗೆ 8 ಬುಟ್ಟಿ ಉಸುಕು ಕಲಸಿದರು. ನೀರು ಸ್ವಲ್ಪವೇ ಸಾಕು.

7. ಚಪ್ಪಡಿಯನ್ನು ಮರಳಿ ತಂದು ನಿಧಾನವಾಗಿ ಇಳಿಸಿ, ಮಟ್ಟ ನೋಡಿ, ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಗೋಡೆಯ ಬದಿಯ ಸಂದಿಯನ್ನು ಮರೆಯಬಾರದು.

ಇದರಲ್ಲಿರುವ ವಿಜ್ಞಾನ

ನಮ್ಮ ಚಪ್ಪಡಿ 3 ಅಡಿ ಉದ್ದ, 3 ಅಡಿ ಅಗಲ, 3 ಇಂಚು ದಪ್ಪ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2400 ಕಿಲೋ. ಲೆಕ್ಕ ಹಾಕಿದರೆ ಒಂದು ಚಪ್ಪಡಿ ಸುಮಾರು 150 ಕಿಲೋ ಆಗುತ್ತದೆ. ಒಂದೇ ಅಂಚು ಎತ್ತುವಾಗ ಅರ್ಧ ಭಾರ, ಅಂದರೆ 75 ಕಿಲೋ, ನಮ್ಮ ಪಾಲಿಗೆ ಬರುತ್ತದೆ. ಹಾರೆ 5 ಅಡಿ ಇದ್ದು, ಆನಿಕೆ ತುದಿಯಿಂದ ಅರ್ಧ ಅಡಿಗೆ ಇದ್ದರೆ, ನಮ್ಮ ಕಡೆ ನಾಲ್ಕೂವರೆ ಅಡಿ ಉಳಿಯುತ್ತದೆ. ಇದು 9 ಪಟ್ಟು. ಆದ್ದರಿಂದ 8-9 ಕಿಲೋದಷ್ಟು ಒತ್ತಿದರೆ ಸಾಕು. ಮೊದಲಿಗೆ ಮಣ್ಣು ಹಿಡಿದುಕೊಂಡಿದ್ದರೆ ಸ್ವಲ್ಪ ಹೆಚ್ಚು ಬೇಕು. ಗುರುಗಳು ಹೇಳಿಕೊಟ್ಟ ಸನ್ನೆಯ ಪಾಠ ಇದೇ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ: ಅಂಚು 1 ಇಂಚು ಏಳಬೇಕಾದರೆ ನಾವು 9 ಇಂಚು ಒತ್ತಬೇಕು.

ಮಟ್ಟ ನೋಡಲು ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿಯುತ್ತಾರೆ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಡುವೆ ಗಾಳಿಗುಳ್ಳೆ ಇರಬಾರದು, ಇದ್ದರೆ ಮಟ್ಟ ತಪ್ಪುತ್ತದೆ.

ಒಂದು ಮಾತು ವಿಚಿತ್ರ ಅನಿಸಬಹುದು. ಮನೆಯ ಸುತ್ತಿನ ಚಪ್ಪಡಿ ಪೂರಾ ಮಟ್ಟ ಇರಬಾರದು! ಗೋಡೆಯಿಂದ ಹೊರಕ್ಕೆ 4 ಅಡಿಗೆ 1 ಇಂಚಿನಂತೆ ಇಳಿಜಾರು ಬೇಕು. ಉದ್ದಕ್ಕೆ ಮಟ್ಟ, ಅಡ್ಡಕ್ಕೆ ಇಳಿಜಾರು.

ದೊಡ್ಡ ರಸ್ತೆ, ಕಾರ್ಖಾನೆಗಳ ನೆಲವನ್ನು ಹೀಗೆ ಕಿತ್ತು ಎತ್ತಲು ಆಗುವುದಿಲ್ಲ. ಅಲ್ಲಿ ಕಾಂಕ್ರೀಟಿಗೆ ತೂತು ಕೊರೆದು, ಯಂತ್ರದಿಂದ ಸಿಮೆಂಟಿನ ಗಂಜಿಯನ್ನೋ ಉಬ್ಬುವ ನೊರೆಯನ್ನೋ ಒಳಗೆ ಒತ್ತಿ ನೆಲವನ್ನೇ ಮೇಲಕ್ಕೆ ಎಬ್ಬಿಸುತ್ತಾರೆ.

ನೆನಪಿಡಿ

* ಚೂರು ಚೂರಾದ ಚಪ್ಪಡಿ ಎತ್ತಬೇಡಿ, ಹೊಸದು ಹಾಕಿಸಿ.
* ದೊಡ್ಡವರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.
* ಗೋಡೆಯ ಪಕ್ಕದಲ್ಲೇ ಬಚ್ಚಲ ನೀರು ಬಿಡಬೇಡಿ.

ನಿಮಗೊಂದು ಕೆಲಸ: ಮುಂದಿನ ಮಳೆಯಲ್ಲಿ ನಮ್ಮ ಶಾಲೆಯ ಸುತ್ತ ಒಮ್ಮೆ ತಿರುಗಿ, ನೀರು ಗೋಡೆಯ ಕಡೆ ಹರಿಯುವ ಜಾಗಗಳನ್ನು ಸುಣ್ಣದಿಂದ ಗುರುತು ಮಾಡೋಣ. ಎಷ್ಟು ಸಿಕ್ಕವು ಎಂಬುದನ್ನು ಈ ಗೋಡೆಯ ಮೇಲೇ ಬರೆಯೋಣ.

— 9ನೆಯ ತರಗತಿಯ ಒಬ್ಬ ವಿದ್ಯಾರ್ಥಿ