ಕೊಳಚೆ ನೀರನ್ನು ಎತ್ತುವ ಖರ್ಚು

ಒಳಚರಂಡಿಯ ನೀರು ಇಳಿಜಾರಿದ್ದಲ್ಲಿ ತಾನಾಗಿಯೇ ಹರಿಯುತ್ತದೆ. ಬೆಂಗಳೂರು ದಿಣ್ಣೆಯ ಮೇಲಿರುವುದರಿಂದ ಅಲ್ಲಿನ ಕೊಳಚೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳತ್ತ ಬಹುಮಟ್ಟಿಗೆ ಹೀಗೆಯೇ ಇಳಿಯುತ್ತದೆ. ಆದರೆ ತಗ್ಗಿನ ಬಡಾವಣೆಗಳಲ್ಲಿ ಅದನ್ನು ಬಾವಿಯೊಂದರಲ್ಲಿ ಕೂಡಿಸಿ ಪಂಪಿನಿಂದ ಮೇಲೆತ್ತಬೇಕಾಗುತ್ತದೆ. ಈ ಪಂಪುಮನೆಯನ್ನು ಹೇಗೆ ಕಟ್ಟಿದರೆ ನಿರ್ವಹಣೆ ಅಗ್ಗವೆಂಬುದು ಅರ್ಥಶಾಸ್ತ್ರದ ಪ್ರಶ್ನೆಯೂ ಹೌದಾದ್ದರಿಂದ, ಇಂಜಿನಿಯರನಲ್ಲದ ನಾನು ಇದನ್ನು ಬರೆಯಲು ಧೈರ್ಯಮಾಡಿದ್ದೇನೆ.

ಮುಖ್ಯವಾದ ಮಾದರಿಗಳು ಮೂರು. ಹಳೆಯ ಮಾದರಿಯಲ್ಲಿ ಒಂದು ಬಾವಿಯಲ್ಲಿ ಕೊಳಚೆ, ಅದಕ್ಕೆ ತಾಗಿದ ಒಣ ಕೋಣೆಯಲ್ಲಿ ಪಂಪು. ಕಟ್ಟಲು ದುಬಾರಿ, ಗಾಳಿಯ ಏರ್ಪಾಡು, ದೀಪ, ಸೋರಿದ ನೀರನ್ನು ಹೊರಹಾಕುವ ಚಿಕ್ಕ ಪಂಪು, ಇವುಗಳಿಗೆ ವರ್ಷವರ್ಷವೂ ಖರ್ಚು. ಆದರೆ ಫಿಟ್ಟರು ಯಂತ್ರದ ಪಕ್ಕದಲ್ಲಿ ನಿಂತು ಬೇರಿಂಗಿನ ಸದ್ದು ಕೇಳಬಲ್ಲನು. ಕೆಡುವ ಮುನ್ನವೇ ತಿಳಿಯುತ್ತದೆ. ಎರಡನೆಯದು ಬಾವಿಯ ನೀರಿನಲ್ಲಿಯೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು. ಕಟ್ಟಡದ ಖರ್ಚು ಕಡಮೆ. ಪಂಪನ್ನು ಸರಪಳಿಯಿಂದ ಮೇಲೆತ್ತಬಹುದು. ಆದರೆ ಸೀಲು ಸೋರಿದರೆ ಮೋಟಾರು ಸುಟ್ಟು, ರೀವೈಂಡಿಂಗಿಗೆ ಹೊರಗೆ ಕಳುಹಿಸಬೇಕು. ಅಲ್ಲಿಯವರೆಗೆ ಬದಲಿ ಪಂಪು ಬೇಕು. ಮೂರನೆಯದರಲ್ಲಿ ಪಂಪು ನೆಲದ ಮೇಲಿದ್ದು, ಹೀರುವ ಕೊಳವೆ ಮಾತ್ರ ಬಾವಿಗಿಳಿದಿರುತ್ತದೆ. ದುರಸ್ತಿ ಸುಲಭ, ಆದರೆ 6–7 ಮೀಟರಿಗಿಂತ ಆಳದಿಂದ ಹೀರುವುದನ್ನು ನೆಚ್ಚುವಂತಿಲ್ಲ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಮೆಯಾದ್ದರಿಂದ ಅಷ್ಟೂ ಕಷ್ಟ.

ಇನ್ನು ವಿದ್ಯುತ್ತು. ದಿನಕ್ಕೆ 10 ಲಕ್ಷ ಲೀಟರು ನೀರನ್ನು 15 ಮೀಟರು ಎತ್ತಲು, ನಷ್ಟವೇ ಇಲ್ಲದಿದ್ದರೆ, ಸುಮಾರು 41 ಯೂನಿಟ್ಟು ಸಾಕು. ಪಂಪು, ಮೋಟಾರುಗಳ ಒಟ್ಟು ದಕ್ಷತೆ ಶೇಕಡ 60 ಆದರೆ 68 ಯೂನಿಟ್ಟು; ಶೇಕಡ 50 ಆದರೆ 82. ವರ್ಷಕ್ಕೆ ಅಂತರ ಸುಮಾರು 5,000 ಯೂನಿಟ್ಟು; ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೆ 40,000 ರೂಪಾಯಿ. ಹಾಗಾದರೆ ದಕ್ಷತೆ ಹೆಚ್ಚಿರುವ ಪಂಪೇ ಲಾಭವೆಂದು ನಾನೂ ಮೊದಲು ಎಣಿಸಿದ್ದೆ. ಆದರೆ ಕೊಳಚೆಯಲ್ಲಿ ಬಟ್ಟೆ, ಕೂದಲು, ಪ್ಲಾಸ್ಟಿಕ್ಕು ಬರುತ್ತವೆ. ಕಸ ಸಿಕ್ಕದಂತೆ ಅಗಲವಾದ ದಾರಿಯಿರುವ ಪಂಪುಗಳ ದಕ್ಷತೆ ಸಾಮಾನ್ಯವಾಗಿ ಕಡಮೆ. ಕರೆಂಟಿನ ಬಿಲ್ಲಿನಲ್ಲಿ ಉಳಿಸಿದುದನ್ನು ಕಟ್ಟಿಕೊಂಡ ಪಂಪನ್ನು ಬಿಚ್ಚುವ ಕೂಲಿಯಲ್ಲಿ ಕಳೆಯುವುದುಂಟು.

ಕಟ್ಟಿಕೊಂಡಾಗ ಬಾವಿಗೆ ಇಳಿಯುವವರಾರು? ಈ ಬಾಬನ್ನು ಲೆಕ್ಕದ ಪಟ್ಟಿಯಲ್ಲಿ ಯಾರೂ ಸುಲಭವಾಗಿ ಬರೆಯರು. ಬಾವಿಯೊಳಗೆ ಹೈಡ್ರೊಜನ್ ಸಲ್ಫೈಡ್ ಅನಿಲ ಸೇರಿರುತ್ತದೆ. ಅದರ ದುರ್ವಾಸನೆ ಹೆಚ್ಚಾದಂತೆ ಮೂಗು ಮರಗಟ್ಟುವುದರಿಂದ ಅಪಾಯ ತಿಳಿಯುವುದೇ ಇಲ್ಲ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿದ ಪರಿಹಾರ 10 ಲಕ್ಷ ರೂಪಾಯಿ. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಜೀವಕ್ಕೆ ಬೆಲೆ ಕಟ್ಟಲಾಗದೆಂಬುದು ಹಾಗಿರಲಿ, ಬರಿಯ ರೂಪಾಯಿಯ ಲೆಕ್ಕದಲ್ಲಿಯೇ ಮೇಲೆ ಹೇಳಿದ ವಿದ್ಯುತ್ತಿನ 75 ವರ್ಷಗಳ ಉಳಿತಾಯ ಒಂದು ಸಾವಿಗೆ ಸಮ.

ಈ ಬಾಬನ್ನು ಸೇರಿಸಿದರೆ, ಆಳದ ಬಾವಿಗೆ ಸಬ್‌ಮರ್ಸಿಬಲ್ ಮಾದರಿಯೇ ಮೇಲೆಂದು ನನಗೆ ತೋರುತ್ತದೆ. ಒಣ ಕೋಣೆಯ ಮಾದರಿಯಲ್ಲಿ ಪಂಪು ಕೈಗೆ ಸಿಕ್ಕಿದರೂ ಕಸ ತಡೆಯುವ ಜಾಲರಿ ಕೊಳಚೆಯ ಬಾವಿಯಲ್ಲಿಯೇ ಇರುತ್ತದೆ. ಆದರೆ ಸಬ್‌ಮರ್ಸಿಬಲ್ ಪಂಪಿನಲ್ಲಿಯೂ ಸರಪಳಿ ತುಕ್ಕು ಹಿಡಿದು ಕಡಿದರೆ ಮತ್ತೆ ಇಳಿಯಬೇಕಾದವನು ಮನುಷ್ಯನೇ. ಆದುದರಿಂದ ಟೆಂಡರಿನಲ್ಲಿ ಮಿತವ್ಯಯದ ನೆಪದಿಂದ ಕಡಿತಮಾಡಬಾರದವು ಮೂರು: ತುಕ್ಕು ಹಿಡಿಯದ ಸರಪಳಿ, ಪಂಪು ಜಾರಿ ಇಳಿಯುವ ಕಂಬಿಗಳು, ಜಾಲರಿಯ ಬುಟ್ಟಿಯನ್ನೂ ಮೇಲಿನಿಂದಲೇ ಎತ್ತುವ ರಾಟೆ.