ಮಾರಾಕ್ಕೆ ಹೊರಟ ಮಕ್ಕಳಿಗೆ

ಈ ಬೇಸಿಗೆಗೆ ಗ್ರೀಸ್ ಬೇಡ, ಸ್ಪೇನ್ ಬೇಡ, ಕೀನ್ಯಾಕ್ಕೆ ಹೋಗಿ ಸಿಂಹ ನೋಡೋಣ ಎಂದು ಸ್ಟಾಕ್‌ಹೋಮಿನ ನಮ್ಮ ಹುಡುಗ ಹುಡುಗಿಯರು ಮಾತಾಡಿಕೊಳ್ಳುವುದು ಈಚೆಗೆ ನನ್ನ ಕಿವಿಗೂ ಬೀಳುತ್ತಿದೆ. ಹೋಗಿ ಮಕ್ಕಳೇ, ಕೈಕಾಲು ಗಟ್ಟಿಯಿರುವಾಗಲೇ ಹೋಗಿಬನ್ನಿ. ಹೆಗ್ಗಡದೇವನಕೋಟೆ ಕಡೆ ಹುಟ್ಟಿ, ಕಾಕನಕೋಟೆ ಕಾಡಿನ ಅಂಚಿನಲ್ಲಿ ಬೆಳೆದು, ಸ್ವೀಡನ್ನಿನಲ್ಲಿ ತಲೆ ನರೆಸಿಕೊಂಡ ನನ್ನಂಥವರು ಕಾಡಿಗೆ ಹೋಗಬೇಡಿ ಎಂದು ಯಾಕಾದರೂ ಹೇಳುತ್ತಾರೆ? ಜುಲೈಯಲ್ಲಿ ಹೋಗಬೇಡಿ ಎಂದಷ್ಟೇ ಹೇಳುತ್ತೇನೆ.

ಕಾರಣವಿದೆ. ಈ ದೇಶದ ಕಾನೂನು ಜೂನ್‌ನಿಂದ ಆಗಸ್ಟಿನೊಳಗೆ ಸತತ ನಾಲ್ಕು ವಾರ ರಜೆ ಪಡೆಯುವ ಹಕ್ಕು ಕೊಟ್ಟಿದೆ. ಹಾಗಾಗಿ ಜುಲೈ ಬಂತೆಂದರೆ ಆಫೀಸುಗಳೆಲ್ಲ ಖಾಲಿ. ಯುರೋಪಿನ ಬೇರೆ ದೇಶಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಅದೇ ಹೊತ್ತಿಗೆ ಟಾಂಜಾನಿಯಾದ ಸೆರೆಂಗೆಟಿಯ ವೈಲ್ಡ್‌ಬೀಸ್ಟ್ ಹಿಂಡುಗಳು ಉತ್ತರಕ್ಕೆ ನಡೆದು ಮಾರಾ ನದಿ ದಾಟಲು ಶುರುಮಾಡುತ್ತವೆ. ಮೊಸಳೆಗಳ ನಡುವೆ ಹಾರಿ ಬೀಳುವ ಆ ಹಿಂಡುಗಳ ದೃಶ್ಯವನ್ನು ಟೀವಿಯಲ್ಲಿ ನೋಡದವರು ಯಾರಿದ್ದಾರೆ? ಎಲ್ಲರಿಗೂ ಅದೇ ಬೇಕು. ಮಸಾಯ್ ಮಾರಾ ಅಭಯಾರಣ್ಯ ಇರುವುದು ಸುಮಾರು 1,510 ಚದರ ಕಿಲೋಮೀಟರು. ವಾಹನಗಳು ಅದರಲ್ಲೆಲ್ಲ ಹರಡಿಕೊಳ್ಳುವುದಿಲ್ಲ, ನದಿಯ ಕೆಲವೇ ಕಡವುಗಳಲ್ಲಿ ಬಂದು ಜಮಾಯಿಸುತ್ತವೆ. ಮುಂದಿನ ಕಾಲುಗಳನ್ನು ನೀರಿಗಿಟ್ಟ ಹಿಂಡು ದಡದ ತುಂಬ ಜೀಪುಗಳನ್ನು ಕಂಡು ಹಿಂದಿರುಗುವುದೂ ಉಂಟು. ಪ್ರವೇಶ ದರವನ್ನೂ ನೋಡಿ. 2024ರಿಂದ ವಿದೇಶೀಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈ ಒಂದರಿಂದ 200. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಎರಡರಷ್ಟು ದುಡ್ಡು ಕೊಟ್ಟು ಮುಂದಿನ ಜೀಪಿನವರ ಬೆನ್ನು ನೋಡಿ ಬರುವುದು ಯಾವ ಜಾಣತನ?

ಸ್ವೀಡನ್ನಿನಲ್ಲಿರುವ ನಿಮಗೆ ಒಂದು ಅನುಕೂಲವಿದೆ, ಅದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಫೆಬ್ರವರಿಯಲ್ಲಿ ಮಕ್ಕಳಿಗೆ ಒಂದು ವಾರ ಸ್ಪೋರ್ಟ್‌ಲೋವ್ ರಜೆ ಬರುತ್ತದಲ್ಲ, ಗೋಥೆನ್‌ಬರ್ಗಿನವರಿಗೆ 7ನೇ ವಾರ, ಸ್ಟಾಕ್‌ಹೋಮಿನವರಿಗೆ 9ನೇ ವಾರ, ಆಗ ಸೆರೆಂಗೆಟಿಯ ದಕ್ಷಿಣ ತುದಿಯಲ್ಲಿ, ಎನ್ದುಟು ಸುತ್ತಿನ ಗಿಡ್ಡ ಹುಲ್ಲಿನ ಬಯಲಿನಲ್ಲಿ, ವೈಲ್ಡ್‌ಬೀಸ್ಟ್‌ಗಳು ಕರು ಹಾಕುತ್ತಿರುತ್ತವೆ. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು. ಎಲ್ಲ ತಾಯಂದಿರೂ ಒಟ್ಟಿಗೆ ಈಯುವುದಕ್ಕೂ ಅರ್ಥವಿದೆ: ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ತಿಂದು ಮುಗಿಸಲಾರವು. ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ, ನಿಂತದ್ದೇ ಓಡುವುದನ್ನು ಕಲಿಯುತ್ತದೆ. ನದಿಯ ಗದ್ದಲವಿಲ್ಲದ ಈ ಬಯಲೇ ನನಗೆ ಹೆಚ್ಚು ಇಷ್ಟ. ಮನೆಯ ಹೊರಗೆ ಮೈನಸ್ ಹತ್ತು ಇರುವಾಗ ಅಲ್ಲಿ ಬಿಸಿಲು ಕಾಯಬಹುದು ಎನ್ನುವುದು ಬೇರೆ ಮಾತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಬಿನಿಯ ಸಫಾರಿ ಮುಗಿಸಿ ಬಂದವರನ್ನು ನಮ್ಮೂರಲ್ಲಿ ಕೇಳುವ ಮೊದಲ ಪ್ರಶ್ನೆ, "ಹುಲಿ ಸಿಕ್ತಾ?" ಇಲ್ಲ ಎಂದರೆ "ಅಯ್ಯೋ" ಎಂಬ ಅನುಕಂಪ. ಆನೆ ಕಂಡಿದೆ, ಕಾಟಿ ಕಂಡಿದೆ, ಕೆಂಚಳಿಲು ಮರದಿಂದ ಮರಕ್ಕೆ ಜಿಗಿದದ್ದು ಕಂಡಿದೆ. ಅದು ಯಾವುದೂ ಲೆಕ್ಕಕ್ಕಿಲ್ಲ. ಇದೇ ಪ್ರಶ್ನೆಯನ್ನು ನೀವು ಪೆಟ್ಟಿಗೆಯಲ್ಲಿಟ್ಟುಕೊಂಡು ಆಫ್ರಿಕಾಕ್ಕೂ ಹೊತ್ತುಕೊಂಡು ಹೋಗುತ್ತೀರಿ. (ಆಫ್ರಿಕಾದಲ್ಲಿ ಹುಲಿ ಇಲ್ಲ. ಊರಿನಿಂದ ಫೋನ್ ಮಾಡುವ ಅಜ್ಜಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ.) ಅಲ್ಲಿ ಅದರ ಹೆಸರು "ಬಿಗ್ ಫೈವ್". ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ಈ ಪಟ್ಟಿ ಮಾಡಿದವರು ಪ್ರಾಣಿ ಶಾಸ್ತ್ರಜ್ಞರಲ್ಲ, ಬೇಟೆಗಾರರು. ಕಾಲ್ನಡಿಗೆಯಲ್ಲಿ ಹೋಗಿ ಹೊಡೆಯಲು ಅತಿ ಕಷ್ಟದ, ಅತಿ ಅಪಾಯದ ಐದು ಪ್ರಾಣಿಗಳು ಇವು. ಜಿರಾಫೆ ಪಟ್ಟಿಯಲ್ಲಿಲ್ಲದಿರುವುದು, ಚೀತಾ ಇಲ್ಲದಿರುವುದು ಅದಕ್ಕೇ. ಸ್ವೀಡನ್ನಿನಿಂದ ಹೋಗಿ ಕೀನ್ಯಾದಲ್ಲಿ ನೆಲೆಸಿದ ಬ್ರೂರ್ ಬ್ಲಿಕ್ಸೆನ್ ಎಂಬ ಬ್ಯಾರನ್ ಕಾಫಿ ತೋಟದಲ್ಲಿ ಕೈಸುಟ್ಟುಕೊಂಡ ಮೇಲೆ ಹಿಡಿದ ವೃತ್ತಿ ಇದೇ, ಶ್ರೀಮಂತರಿಗೆ ಬೇಟೆ ತೋರಿಸುವುದು. 1928ರಲ್ಲಿ ಬ್ರಿಟನ್ನಿನ ಯುವರಾಜ ಬೇಟೆಗೆ ಬಂದಾಗ ಜೊತೆಗಿದ್ದವರಲ್ಲಿ ಆತನೂ ಒಬ್ಬ. ಕೋವಿಯ ಜಾಗಕ್ಕೆ ಈಗ ಕ್ಯಾಮೆರಾ ಬಂದಿದೆ, ಒಳ್ಳೆಯದೇ. ಆದರೆ ಆ ಪಟ್ಟಿ ಹಿಡಿದುಕೊಂಡು ಹೋದವರ ಕಣ್ಣು ಮಾತ್ರ ಬೇಟೆಗಾರನದ್ದಾಗಿಯೇ ಉಳಿದಿದೆ.

ಅದರಿಂದ ಯಾರಿಗೇನು ನಷ್ಟ ಎಂದು ಕೇಳುತ್ತೀರಾ? ಚೀತಾಕ್ಕೆ ನಷ್ಟ. ಫೆಮ್ಕೆ ಬ್ರೂಕ್‌ಹೌಸ್ ಎಂಬ ವಿಜ್ಞಾನಿ ಮಾರಾದಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ಕಡಿಮೆಯಿರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸಿ ದಡ ಸೇರಿಸುತ್ತದೆ. ವಾಹನಗಳು ಕಿಕ್ಕಿರಿದಿರುವ ಕಡೆ 0.2. ಅಂದರೆ ಐದು ಸೂಲಿಗೆ ಒಂದೇ ಮರಿ. ಹಗಲು ಬೇಟೆಯಾಡುವ ಪ್ರಾಣಿ ಅದು, ನೀವು ಜೀಪಿನಲ್ಲಿ ಸುತ್ತುವ ಹೊತ್ತೇ ಅದರ ಊಟದ ಹೊತ್ತು. ಜಾತ್ರೆಯ ತೇರಿನ ಹಾಗೆ ಅದನ್ನು ಸುತ್ತುವರಿದು ನಿಂತರೆ ಜಿಂಕೆ ಮೊದಲೇ ಎಚ್ಚೆತ್ತು ಓಡಿಹೋಗುತ್ತದೆ, ಹಸಿದ ತಾಯಿ ಮರಿಗಳನ್ನು ಬಿಟ್ಟು ಇನ್ನಷ್ಟು ದೂರ ಹೋಗಬೇಕು. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು ಎಂಬ ನಿಯಮ ಮಾರಾದಲ್ಲಿದೆ. ಅದು ಮುರಿಯುವುದು ಬಹಳ ಸಲ ಡ್ರೈವರನ ದುರಾಸೆಯಿಂದಲ್ಲ, ಹಿಂದಿನ ಸೀಟಿನಿಂದ "ಇನ್ನೂ ಸ್ವಲ್ಪ ಮುಂದೆ, ಪ್ಲೀಸ್" ಎನ್ನುವ ದನಿಯಿಂದ. ಹತ್ತಿರ ಕರೆದುಕೊಂಡು ಹೋದರೆ ಟಿಪ್ಸ್ ಜಾಸ್ತಿ, ದೂರ ನಿಲ್ಲಿಸಿದರೆ ಮುಖ ಊದಿಸುವುದು. ಅವನಿಗೂ ಹೆಂಡತಿ ಮಕ್ಕಳಿದ್ದಾರಪ್ಪ. ಆದ್ದರಿಂದ ಮೊದಲ ದಿನ ಬೆಳಿಗ್ಗೆಯೇ, ಗಾಡಿ ಹತ್ತುವ ಮೊದಲು ಅವನಿಗೆ ಹೇಳಿ: ನಮಗೆ ಅವಸರವಿಲ್ಲ, ಐದೂ ಕಾಣಬೇಕೆಂಬ ಹಟವಿಲ್ಲ, ನಿನಗೆ ಚೆನ್ನೆನಿಸಿದ ಜಾಗದಲ್ಲಿ ಗಾಡಿ ಆಫ್ ಮಾಡಿ ನಿಲ್ಲಿಸು. ಆ ಮಾತು ಕೇಳಿ ಆ ಮನುಷ್ಯ ನಿಮ್ಮೊಂದಿಗೆ ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ. ಜಿರಾಫೆಗಳೆಲ್ಲ ಒಂದೇ ದಿಕ್ಕಿಗೆ ಕತ್ತು ತಿರುಗಿಸಿ ನಿಂತಿದ್ದರೆ ಆ ಕಡೆ ಸಿಂಹ ಇರಬಹುದು ಎಂಬಂಥ ಗುಟ್ಟುಗಳು ಆಗ ಒಂದೊಂದಾಗಿ ಹೊರಗೆ ಬರುತ್ತವೆ.

ಸುಮ್ಮನೆ ಕೂರುವುದು ಹೇಳಿದಷ್ಟು ಸುಲಭವಲ್ಲ, ಅದಕ್ಕೂ ಅಭ್ಯಾಸ ಬೇಕು. ಅಭ್ಯಾಸಕ್ಕೆ ನೀವಿರುವ ದೇಶಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಯುರೋಪಿನಲ್ಲಿ ಮೊಟ್ಟಮೊದಲು ರಾಷ್ಟ್ರೀಯ ಉದ್ಯಾನಗಳನ್ನು ಮಾಡಿದ್ದು ಸ್ವೀಡನ್, 1909ರಲ್ಲಿ, ಒಂದೇ ಏಟಿಗೆ ಒಂಬತ್ತು. ಅದರಲ್ಲಿ ಸಾರೆಕ್ ಒಂದೇ ಸುಮಾರು 1,970 ಚದರ ಕಿಲೋಮೀಟರು, ನಮ್ಮ ನಾಗರಹೊಳೆಯ 643ರ ಮೂರರಷ್ಟು. ಅಲ್ಲಿ ಗುರುತು ಹಾಕಿದ ಹಾದಿ ಇಲ್ಲ, ರಾತ್ರಿ ತಂಗಲು ಪ್ರವಾಸಿಗರ ಗುಡಿಸಲಿಲ್ಲ, ಹೊಳೆಗಳಿಗೆ ಸೇತುವೆ ಬಹುತೇಕ ಇಲ್ಲ. ಹೊಸಬರು ಅಲ್ಲಿಗೆ ಒಂಟಿಯಾಗಿ ಹೋಗುವ ಸಾಹಸ ಬೇಡ. ಸ್ಟಾಕ್‌ಹೋಮಿನಿಂದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರು ದೂರದಲ್ಲಿ ತಿರೆಸ್ಟಾ ಇದೆ, ಬಸ್ಸಿನಲ್ಲೇ ಹೋಗಬಹುದು. ಕೊಡಲಿ ಹೆಚ್ಚು ತಾಕದ ಹಳೆಯ ಪೈನ್ ಕಾಡು. 1999ರಲ್ಲಿ ಅದರ ಸುಮಾರು 450 ಹೆಕ್ಟೇರ್ ಸುಟ್ಟುಹೋಯಿತು. ಸುಟ್ಟ ಜಾಗವನ್ನು ಗಿಡ ನೆಟ್ಟು ಮುಚ್ಚದೆ ಹಾಗೆಯೇ ಬಿಟ್ಟರು, ಬರ್ಚ್ ಮರಗಳು ತಾವಾಗಿಯೇ ಎದ್ದು ಬಂದಿವೆ. ಅಲ್ಲೊಂದು ಬಂಡೆಯ ಮೇಲೆ ಫೋನ್ ಚೀಲದಲ್ಲಿಟ್ಟು ಕೂತು ನೋಡಿ. ಮೊದಲು ಬೇಸರವಾಗುತ್ತದೆ. ಆಮೇಲೆ ಮರಕುಟಿಗ ಬರುತ್ತದೆ.

ಏಪ್ರಿಲ್‌ನಲ್ಲಿ ಹೂರ್ನ್‌ಬೊರಿಯಾ ಸರೋವರಕ್ಕೂ ಹೋಗಿಬನ್ನಿ. ಉತ್ತರಕ್ಕೆ ಹೊರಟ ಕ್ರೇನ್ ಹಕ್ಕಿಗಳು ಅಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ, ಹೆಚ್ಚಿದ್ದ ದಿನ 20,000ಕ್ಕೂ ಮಿಕ್ಕಿ. ಹೊಲ ಮಾಡಲೆಂದು ನೀರು ಬಸಿದು ಹಾಳುಗೆಡವಿದ್ದ ಸರೋವರವನ್ನು 1990ರ ದಶಕದ ಹೊತ್ತಿಗೆ ಮತ್ತೆ ತುಂಬಿಸಿದರು ಎಂಬುದು ಗೊತ್ತಿದ್ದು ನೋಡಿದರೆ ಇನ್ನೂ ಚೆನ್ನ. ಇದು ಯಾವುದಕ್ಕೂ ಟಿಕೆಟ್ಟಿಲ್ಲ. ಅಲ್ಲೆಮಾನ್ಸ್‌ರೆಟ್ಟೆನ್ ಎಂಬ ಹಕ್ಕಿನಿಂದ ಇಲ್ಲಿಯ ಕಾಡು ಎಲ್ಲರ ಕಾಲಿಗೂ ತೆರೆದಿದೆ, ಕದಡಬೇಡ, ಕೆಡಿಸಬೇಡ ಎಂಬ ಎರಡೇ ಷರತ್ತು. ರಾಷ್ಟ್ರೀಯ ಉದ್ಯಾನದೊಳಗೆ ಮಾತ್ರ ನಿಯಮಗಳು ಬೇರೆ, ಫಲಕ ಓದಿಕೊಳ್ಳಿ.

ಇಲ್ಲಿಯ ಜನಕ್ಕೂ ತಮ್ಮದೇ ಒಂದು ಮಹಾವಲಸೆ ಇದೆ. 2019ರಿಂದ ಪ್ರತಿ ವಸಂತದಲ್ಲಿ ಸಾರ್ವಜನಿಕ ಟೀವಿಯವರು ಓಂಗರ್‌ಮಾನ್ ನದಿಯ ದಡದಲ್ಲಿ ಕ್ಯಾಮೆರಾ ಇಟ್ಟು, ಮೂಸ್‌ಗಳು ಈಜಿ ಆಚೆ ದಡಕ್ಕೆ ಹೋಗುವುದನ್ನು ಸುಮಾರು ಮೂರು ವಾರ ಹಗಲೂ ರಾತ್ರಿ ನೇರಪ್ರಸಾರ ಮಾಡುತ್ತಾರೆ. ವಿವರಣೆ ಇಲ್ಲ, ಗಂಟೆಗಟ್ಟಲೆ ಬರೀ ನದಿ. ಲಕ್ಷಗಟ್ಟಲೆ ಜನ ನೋಡುತ್ತಾರೆ. ನಿಮ್ಮ ಆಫೀಸಿನ ಸ್ವೀಡಿಷ್ ಗೆಳೆಯರು ಇದನ್ನು ನೋಡುತ್ತ ಕೂತರೆ ನಗಬೇಡಿ. ಮಾರಾ ನದಿಯ ದಡದಲ್ಲಿ ಬೇಕಾದ ತಾಳ್ಮೆ ಅವರಿಗೆ ಆಗಲೇ ಬಂದಿದೆ.

ಕಾಡೆಂದರೆ ಪ್ರಾಣಿ ಮಾತ್ರ ಎಂದುಕೊಳ್ಳುವುದೂ ತಪ್ಪು. ಉತ್ತರಕ್ಕೆ ಹೋದಾಗ ರಸ್ತೆಯಲ್ಲಿ ಹಿಮಸಾರಂಗ ಕಂಡು "ವೈಲ್ಡ್‌ಲೈಫ್" ಎಂದು ಫೋಟೋ ಹಾಕುತ್ತೀರಿ. ಸ್ವೀಡನ್ನಿನ ಹಿಮಸಾರಂಗಗಳಿಗೆಲ್ಲ ಒಡೆಯರಿದ್ದಾರೆ, ಸಾಮಿ ಜನ. ಕಿವಿಯಲ್ಲಿ ಕೊಯ್ದ ಗುರುತೇ ಅದಕ್ಕೆ ಸಾಕ್ಷಿ. ನಿಮ್ಮ ಹತ್ತಿರ ಎಷ್ಟಿವೆ ಎಂದು ಸಾಮಿಯವರನ್ನು ಕೇಳಲೇಬೇಡಿ, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಂತಾಗುತ್ತದೆ. ದನಗಳ ವಿಷಯದಲ್ಲಿ ಮಾರಾ ಕಡೆಯ ದನಗಾಹಿಗಳಾದ ಮಸಾಯಿಗಳ ಜೊತೆಗೂ ಇದೇ ಮರ್ಯಾದೆ ಇರಲಿ. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಒಳಗಿಂದ ಮಸಾಯಿಗಳನ್ನು 1959ರಲ್ಲಿ ಎಬ್ಬಿಸಿ ಎನ್ಗೊರೊಂಗೊರೊ ಕಡೆಗೆ ಕಳಿಸಿದರು. ನಾಗರಹೊಳೆಯ ಕಾಡಿನಿಂದ ಜೇನುಕುರುಬರ ಹಾಡಿಗಳನ್ನು ಎಬ್ಬಿಸಿದ್ದನ್ನು ಬಲ್ಲವರಿಗೆ ಈ ಕಥೆ ಹೊಸದಲ್ಲ. 1972ರ ಜೂನ್‌ನಲ್ಲಿ ಇದೇ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಇಂದಿರಾ ಗಾಂಧಿ ಇದನ್ನೇ ಎತ್ತಿದರು: ಕಾಡಿನವರಿಗೇ ಎಲ್ಲವೂ ಕೈತಪ್ಪಿರುವಾಗ ಪ್ರಾಣಿಗಳನ್ನು ಉಳಿಸಿ ಎಂದು ಅವರಿಗೆ ಹೇಳುವುದು ಹೇಗೆ ಎಂದು. ಆ ಸಮ್ಮೇಳನದಿಂದ ಹುಟ್ಟಿದ ಪರಿಸರ ಕಾರ್ಯಕ್ರಮದ ಮುಖ್ಯ ಕಚೇರಿ ನೈರೋಬಿಗೆ ಹೋಯಿತು. ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಪ್ರಶ್ನೆ ಮಾತ್ರ ಮೂರೂ ಕಡೆ ಇದ್ದಲ್ಲೇ ಇದೆ.

ನಿಮ್ಮ ಕೈಲಾಗುವುದು ಒಂದಿದೆ. ಮಾರಾ ಅಭಯಾರಣ್ಯದ ಅಂಚಿನಲ್ಲಿ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ವನ್ಯಜೀವಿಗಳಿಗೆಂದು ಗುತ್ತಿಗೆ ಕೊಟ್ಟ ಸಂರಕ್ಷಿತ ಜಾಗಗಳಿವೆ. 2010ರಲ್ಲಿ ಶುರುವಾದ ನಬೊಯ್‌ಶೊ ಅಂಥದ್ದೊಂದು. ಜಮೀನಿನವರಿಗೆ ಬಾಡಿಗೆ ಹಣ ಸಲ್ಲುತ್ತದೆ, ಒಳಗೆ ಬರುವ ವಾಹನಗಳಿಗೆ ಮಿತಿ ಇದೆ. ಅಲ್ಲಿ ರಾತ್ರಿ ತಂಗುವುದು ದುಬಾರಿ, ಒಪ್ಪುತ್ತೇನೆ. ಆರು ದಿನದಲ್ಲಿ ನಾಲ್ಕು ಉದ್ಯಾನ ತೋರಿಸುವ ಪ್ಯಾಕೇಜು ಬಿಟ್ಟು ಇಂಥ ಒಂದೇ ಜಾಗದಲ್ಲಿ ಮೂರು ದಿನ ಇದ್ದರೆ ಖರ್ಚು ಹೊಂದಿಕೊಳ್ಳುತ್ತದೆ. ನಾಲ್ಕು ಉದ್ಯಾನ ಸುತ್ತಿದವರು ನೋಡುವುದು ಹೆಚ್ಚಾಗಿ ರಸ್ತೆಯ ಧೂಳನ್ನೇ.

ಇನ್ನು ಆರೋಗ್ಯ. ಕಾಡಿಗೆ ಹೋಗುವಾಗ ಕಡುನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಪ್ರೀತಿ. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ತಿರೆಸ್ಟಾದ ಹುಲ್ಲಿನಲ್ಲೂ ಉಣುಗು ಇರುತ್ತದೆ. ಅದರಿಂದ ಬರುವ ಮಿದುಳು ಜ್ವರದ ವೈರಸ್ಸು 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ, ಇಲ್ಲಿಯ ಮಿದುಳು ಜ್ವರಕ್ಕೆ ಲಸಿಕೆ ಸಿಗುತ್ತದೆ, ಹಾಕಿಸಿಕೊಳ್ಳಿ.

ಕೊನೆಯ ಮಾತು, ಸಫಾರಿ ಮುಗಿಸಿ ಹಾಗೆಯೇ ಬೆಂಗಳೂರಿಗೆ ಹಾರಿ ಅಪ್ಪ ಅಮ್ಮನನ್ನು ನೋಡಿ ಬರೋಣ ಎನ್ನುವವರಿಗೆ. ಕೀನ್ಯಾ, ಉಗಾಂಡಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತದಲ್ಲಿ ಇಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನದವರೆಗೆ ಬೇರೆಯಾಗಿ ಇರಿಸುವ ನಿಯಮವಿದೆ, ನಿಮ್ಮ ಪಾಸ್‌ಪೋರ್ಟು ಯಾವ ದೇಶದ್ದಾದರೂ ಸರಿ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಆ ಪತ್ರಕ್ಕೆ ಬೆಲೆ, ಒಮ್ಮೆ ಹಾಕಿಸಿಕೊಂಡರೆ ಜೀವನಪರ್ಯಂತ ಸಾಕು. ವಿಮಾನದ ಟಿಕೆಟ್ ತೆಗೆದ ದಿನವೇ ಲಸಿಕೆ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳಿ, ಪ್ರಮಾಣಪತ್ರದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಿ.