ಸಂದರ್ಶನ: ಸಿದ್ಧತೆ ಮತ್ತು ಪ್ರಥಮ ದರ್ಶನ

‘ಸಂದರ್ಶನ’ವೆಂದರೆ ಚೆನ್ನಾಗಿ ಕಾಣುವುದು. ‘ಸಮ್’ ಎಂಬ ಉಪಸರ್ಗವೇ ಆ ಅರ್ಥವನ್ನು ಕೊಡುತ್ತದೆ. ಆದರೆ ಉದ್ಯೋಗಾರ್ಥಿಗಳಾದ ತರುಣರಲ್ಲಿ ಬಹುಮಂದಿ ಅದನ್ನು ವಿಚಾರಣೆಯೆಂದೇ ಭಾವಿಸಿ, ಬಾಗಿಲಲ್ಲಿಯೇ ಅರ್ಧ ಧೈರ್ಯವನ್ನು ಕಳೆದುಕೊಳ್ಳುತ್ತಾರೆ.

ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪರೀಕ್ಷಿಸುವ ಪ್ರಸಂಗ ಸರ್ವವಿದಿತ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಸಿದಳೆಂಬ ಕಠಿನ ಪ್ರಶ್ನೆಗೂ ಅಕ್ಕ ಕೆರಳಲಿಲ್ಲ, ಕುಗ್ಗಲಿಲ್ಲ, ಸ್ವಾನುಭವದಿಂದಲೇ ಉತ್ತರಿಸಿದಳು. ಆ ಅನುಭಾವ ಸಂವಾದವನ್ನು ನೌಕರಿಯ ಸಂದರ್ಶನಕ್ಕೆ ಸಮಗಟ್ಟುವುದು ಅತಿರೇಕವಾದೀತು. ಆದರೂ ಕಂಠಪಾಠದ ಮಾತಿಗೂ ತನ್ನದೇ ಆದ ಮಾತಿಗೂ ಇರುವ ಅಂತರವನ್ನು ಅದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ದುರ್ಲಭ.

ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಆದರೆ ಖಾಸಗಿ ಶಾಲೆ, ಕಾಲೇಜು, ಕಂಪನಿಗಳಲ್ಲಿ ಅದು ಉಳಿದೇ ಇದೆ.

ಕಮಲಾಪುರದಿಂದ ಕಲಬುರಗಿಗೆ ಸಂದರ್ಶನಕ್ಕೆ ಬರುವ ಅಭ್ಯರ್ಥಿಗೆ ಮೊದಲು ಎದುರಾಗುವ ಪ್ರಶ್ನೆ ಸಾಮಾನ್ಯವಾಗಿ ಅವನ ಊರಿನದೇ ಆಗಿರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಪು ಬಾಳೆ ಅವನ ಊರಿನದು. ಅದಕ್ಕೆ ಎಂತಹ ಮಣ್ಣು ಬೇಕು, ಬೆಳೆ ಎಷ್ಟು ಕಾಲ ಹಿಡಿಯುತ್ತದೆ, ರೈತ ಅದನ್ನು ಏಕೆ ಬಿಡುತ್ತಾನೆ ಅಥವಾ ಬಿಡುವುದಿಲ್ಲ ಎಂಬುದನ್ನು ಹೇಳಲಾರದವನು ದೂರದ ರಾಜಧಾನಿಗಳ ಹೆಸರನ್ನು ಒಪ್ಪಿಸಿ ಏನು ಪ್ರಯೋಜನ? ಹೊಲದಲ್ಲಿ ದುಡಿದ ಮನೆಯ ಮಗನಿಗೆ ಈ ಉತ್ತರ ಗೊತ್ತಿರುತ್ತದೆ. ಅದು ಸಂದರ್ಶನದಲ್ಲಿ ಹೇಳತಕ್ಕ ಜ್ಞಾನವೆಂಬುದು ಮಾತ್ರ ಗೊತ್ತಿರುವುದಿಲ್ಲ.

ಭಾಷೆಯ ಅಳುಕು ಇನ್ನೊಂದು. ತಮ್ಮ ಮಾತು ಬೆಂಗಳೂರಿನವರಂತೆ ಇಲ್ಲವೆಂದು ಈ ಭಾಗದ ಮಕ್ಕಳು ನಾಚುತ್ತಾರೆ. ‘ಹೌದ್ರೀ’ ಎನ್ನುವಲ್ಲಿನ ‘ರೀ’ ಗೌರವಸೂಚಕವೇ ಹೊರತು ದೋಷವಲ್ಲ. ಗ್ರಂಥಭಾಷೆಯನ್ನು ಆಡಲು ಹೋಗಿ ನಡುವೆ ತೊದಲುವುದಕ್ಕಿಂತ, ಸ್ಪಷ್ಟವಾದ ತನ್ನ ಮಾತನ್ನು ನಿಧಾನವಾಗಿ ಆಡುವುದು ಲೇಸು. ತಿಳಿಯದಿದ್ದರೆ ‘ತಿಳಿಯದು’ ಎನ್ನಬೇಕು. ಊಹೆಯ ಉತ್ತರ ಮುಂದಿನ ಪ್ರಶ್ನೆಗೇ ಬಯಲಾಗುತ್ತದೆ.

ಉಡುಪು ಹೊಸದಿರಬೇಕಾಗಿಲ್ಲ; ಒಗೆದು ಇಸ್ತ್ರಿ ಮಾಡಿದ್ದರೆ ಸಾಕು. ಸಾಲ ಮಾಡಿ ಕೋಟು ಹೊಲಿಸುವವರೂ ಉಂಟು, ಕಲಬುರಗಿಯ ಬಿಸಿಲಿನಲ್ಲಿ ಅದು ಸ್ವಯಂಕೃತ ಶಿಕ್ಷೆ. ಅಂಕಪಟ್ಟಿಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಡಬೇಕು. ಸರ್ಕಾರಿ ಹುದ್ದೆಗೆ 371(ಜೆ) ಮೀಸಲಾತಿಯನ್ನು ಕೋರಿದ್ದರೆ ಅದರ ಅರ್ಹತಾ ಪ್ರಮಾಣಪತ್ರವನ್ನು ಮರೆಯಲಾಗದು. 2013ರಲ್ಲಿ ಜಾರಿಗೆ ಬಂದ ಆ ಹಕ್ಕು ಕಾಗದವಿಲ್ಲದೆ ಕೈಗೂಡುವುದಿಲ್ಲ. ಕಟ್ಟಕಡೆಯ ಬಸ್ಸನ್ನು ನಂಬದೆ ಒಂದು ತಾಸು ಮೊದಲೇ ತಲುಪಿ, ಮುಖ ತೊಳೆದು, ನೀರು ಕುಡಿದು ಕುಳಿತವನ ದನಿ ನಡುಗುವುದು ಕಡಿಮೆ. ಒಳಹೊಕ್ಕು ನಮಸ್ಕರಿಸಿ, ಹೇಳಿದ ಮೇಲೆ ಕುಳಿತುಕೊಳ್ಳುವುದು, ಕೇಳಿದವರ ಮುಖ ನೋಡಿ ಉತ್ತರಿಸುವುದು ಅಭ್ಯಾಸದಿಂದ ಬರತಕ್ಕವು.

ಆ ಅಭ್ಯಾಸ ಶಾಲೆಯಲ್ಲಿಯೇ ಆರಂಭವಾಗಬಹುದು. ಬ್ಯಾಂಕು, ಕಾಲೇಜು, ಕಚೇರಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಮೇಜಿನ ಆಚೆ ಕುಳಿತರೆ, ಈಚೆ ಕೂರಲು ಪ್ರಸಾದನಿಲಯದಲ್ಲಿ ಮಕ್ಕಳಿದ್ದಾರೆ. ಮೊದಲ ದಿನಕ್ಕೆ ಒಂದೇ ಪ್ರಶ್ನೆ ಸಾಕು: “ತಮ್ಮಾ, ನಿನ್ನ ಊರಿನ ವಿಷಯ ಹೇಳು.”